ಬೆನ್ನಿನ ಆಪರೇಷನ್ ಆಗಿ ಏಳು ವಾರ: ಎದ್ದು ಕೂತರೆ ತಲೆನೋವು, ಮಲಗಿದರೆ ಇಲ್ಲ

ಬೆಟಗೇರಿ ಮಗ್ಗದ ಮನೆ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ನಮ್ಮ ಮನೆಯವರಿಗೆ 46 ವರ್ಷ. ಕೈಮಗ್ಗದ ಮೇಲೆ ಕೂತು ಕೂತು ಸೊಂಟದ ಡಿಸ್ಕ್ ಜಾರಿತ್ತು. ಎಡಗಾಲಿನ ಹಿಮ್ಮಡಿತನಕ ಸೆಳೆತ. ಏಳು ವಾರದ ಹಿಂದೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕಾಲಿನ ಸೆಳೆತ ಮರುದಿನವೇ ಹೋಯಿತು. ಅದಕ್ಕೆ ಡಾಕ್ಟರಿಗೆ ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಮೂರನೇ ದಿನ ಎಬ್ಬಿಸಿ ನಡೆಸಿದಾಗ ತಲೆನೋವು ಶುರುವಾಯಿತು. ಅದು ಇನ್ನೂ ಬಿಟ್ಟಿಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ಹೇಳಿದೆವು. ಅವತ್ತು ಸರ್ಜನ್ ಇರಲಿಲ್ಲ. ಬೇರೆಯವರು ಬಿಪಿ ನೋಡಿ, "ಟೆನ್ಷನ್ ಮಾಡ್ಕೋಬ್ಯಾಡ್ರಿ" ಎಂದು ಮಾತ್ರೆ ಕೊಟ್ಟರು. ಗದಗದಲ್ಲಿ ಕಣ್ಣು ತೋರಿಸಿದೆವು, ಸರಿ ಇದೆ ಎಂದರು. ಸೈನಸ್ ಎಕ್ಸ್‌ರೇ ತೆಗೆಸಿದೆವು, ಅದೂ ಸರಿ. ಊಟಕ್ಕೆ ಕೂತರೆ ಎರಡನೇ ರೊಟ್ಟಿ ಮುಗಿಯುವುದರೊಳಗೆ ಎದ್ದು ಹೋಗಿ ಮಲಗುತ್ತಾರೆ. ಸ್ವಲ್ಪ ಹೊತ್ತು ಮಲಗಿದರೆ ಚೆನ್ನಾಗಿ ಮಾತಾಡುತ್ತಾರೆ. ಮತ್ತೆ ಎದ್ದರೆ ಅದೇ ಕಥೆ. ಮನೆಗೆ ಬಂದ ಬೀಗರೊಬ್ಬರು "ಮಲಗೋದು ರೂಢಿ ಆಗೇದ" ಎಂದು ಹೋದರು. ಅವತ್ತು ರಾತ್ರಿ ಇವರು ಗೋಡೆ ಕಡೆ ಮುಖ ಮಾಡಿ ಅತ್ತರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವರ ಕಣ್ಣೀರು ನೋಡಿದ್ದು ಎರಡನೇ ಸಲ.

ಯಾರಿಗಾದರೂ ಹೀಗೆ ಆಗಿದೆಯಾ? ಯಾವ ಡಾಕ್ಟರಿಗೆ ತೋರಿಸಬೇಕು?

ಉಣಕಲ್ ಕೆರೆ
ಸೋಮವಾರ, ರಾತ್ರಿ 10:05

ಅಕ್ಕಾ, ಆಪರೇಷನ್ ಆದ ಮೇಲೆ ಮೈಯಲ್ಲಿ ವಾಯು ಸೇರಿಕೊಳ್ಳುತ್ತದೆ. ನಮ್ಮ ಕಾಕಾನಿಗೂ ಹಂಗೇ ಆಗಿತ್ತು. ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿಸಿ, ಬಿಸಿನೀರು ಹಾಕಿ. ಕಡಿಮೆ ಆಗುತ್ತದೆ.

ಸಿಸ್ಟರ್, ಧಾರವಾಡ
ಸೋಮವಾರ, ರಾತ್ರಿ 10:20

ಬೆನ್ನು ತಿಕ್ಕಿಸುವುದು ಸದ್ಯಕ್ಕೆ ಬೇಡವೇ ಬೇಡ. ಉಣಕಲ್ ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಇದು ಬೇರೆ ಇರಬಹುದು.

ನಾನು ಹದಿನೆಂಟು ವರ್ಷದಿಂದ ಸ್ಟಾಫ್ ನರ್ಸ್. ತಂಗೀ, ನೀವು ಬರೆದದ್ದರಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಕೂತರೆ ನೋವು, ಮಲಗಿದರೆ ಮಾಯ. ಡಾಕ್ಟರ ಮುಂದೆ ಇದನ್ನು ಹೀಗೆಯೇ ಹೇಳಿದ್ದಿರಾ? ಅಥವಾ "ತಲೆನೋವು" ಅಂತ ಮಾತ್ರ ಹೇಳಿದ್ದಿರಾ?

ಇನ್ನೊಂದು ಕೆಲಸ. ಡಿಸ್ಚಾರ್ಜ್ ಕಾರ್ಡ್ ತೆಗೆಯಿರಿ. ಆಪರೇಷನ್ ವಿವರ ಬರೆದ ಜಾಗದಲ್ಲಿ ಡ್ಯೂರಾ, ಡ್ಯೂರಲ್ ಟೇರ್, ಡ್ಯುರಾಟಮಿ, ಸಿಎಸ್‌ಎಫ್ ಇಂಥ ಪದ ಏನಾದರೂ ಇದೆಯಾ ನೋಡಿ. ಇಂಗ್ಲಿಷ್ ಓದುವವರಿಂದ ನಿಧಾನವಾಗಿ ಓದಿಸಿ. ಹೊಲಿಗೆ ಹಾಕಿದ ಜಾಗವನ್ನೂ ನೋಡಿ. ಉಬ್ಬಿದೆಯಾ? ಒದ್ದೆ ಆಗುತ್ತದೆಯಾ?

ಜ್ವರ ಇದೆಯಾ ಎಂದು ಈಗಲೇ ಹೇಳಿ.

ಬೆಟಗೇರಿ ಮಗ್ಗದ ಮನೆ
ಸೋಮವಾರ, ರಾತ್ರಿ 11:15

ಜ್ವರ ಇಲ್ಲ ಅಕ್ಕಾ. ಈಗಷ್ಟೇ ನೋಡಿದೆ. ನೀವು ಹೇಳಿದ್ದು ನಿಜ, ನಾವು ಎಲ್ಲಾ ಕಡೆ "ತಲೆನೋವು" ಎಂದಷ್ಟೇ ಹೇಳಿದ್ದು. ಮಲಗಿದರೆ ಹೋಗುತ್ತದೆ ಅನ್ನುವುದು ಹೇಳುವ ವಿಷಯ ಅಂತ ಗೊತ್ತೇ ಇರಲಿಲ್ಲ.

ಪಕ್ಕದ ಮನೆಯ ಹುಡುಗ ಬಿಎಸ್ಸಿ ಓದುತ್ತಾನೆ. ಅವನನ್ನು ಕರೆದು ಕಾರ್ಡ್ ಓದಿಸಿದೆ. ಎರಡನೇ ಪುಟದಲ್ಲಿ ಒಂದು ಸಾಲು ಇದೆ. ಆಪರೇಷನ್ ಮಾಡುವಾಗ ಡ್ಯೂರಾದಲ್ಲಿ ಸಣ್ಣ ಹರುಕು ಆಗಿದೆ, ಹೊಲಿಗೆ ಹಾಕಿ ಮುಚ್ಚಲಾಗಿದೆ ಎಂದು. ಇದನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗಾಯದ ಜಾಗ ಒಣಗಿದೆ. ಆದರೆ ಕೆಳಗೆ ಮೆತ್ತಗೆ ಉಬ್ಬಿದೆ, ಒಂದು ಲಿಂಬೆಹಣ್ಣಿನಷ್ಟು. ನಿಂತಾಗ ಜಾಸ್ತಿ ಕಾಣುತ್ತದೆ. ಕೈ ಕಾಲು ತಣ್ಣಗಾದವು ನನಗೆ. ಡ್ಯೂರಾ ಎಂದರೆ ಏನು?

ನಿವೃತ್ತ ವಿಜ್ಞಾನ ಶಿಕ್ಷಕ, ಹಾವೇರಿ
ಮಂಗಳವಾರ, ಬೆಳಿಗ್ಗೆ 6:30

ಅಮ್ಮಾ, ಹೆದರಬೇಡಿ. ನಾನು ಡಾಕ್ಟರ್ ಅಲ್ಲ, ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು. ತಿಳಿದಷ್ಟು ಹೇಳುತ್ತೇನೆ.

ನಮ್ಮ ಮೆದುಳು ಮತ್ತು ಬೆನ್ನುಹುರಿ ಒಂದು ತಿಳಿನೀರಿನಲ್ಲಿ ಇರುತ್ತವೆ. ಸಿಸ್ಟರ್ ಹೇಳಿದ ಸಿಎಸ್‌ಎಫ್ ಎಂದರೆ ಇದೇ. ಆ ನೀರನ್ನು ಹಿಡಿದಿಟ್ಟ ಗಟ್ಟಿ ಪೊರೆಯೇ ಡ್ಯೂರಾ. ದೊಡ್ಡವರಲ್ಲಿ ಈ ನೀರು ಸುಮಾರು 150 ಮಿ.ಲೀ. ಇರುತ್ತದೆ. ಚಾ ಅಂಗಡಿಯ ದೊಡ್ಡ ಲೋಟದಲ್ಲಿ ಹಿಡಿಸುವಷ್ಟು. ಆದರೆ ದೇಹ ದಿನಕ್ಕೆ ಸುಮಾರು 500 ಮಿ.ಲೀ. ಹೊಸದು ತಯಾರಿಸುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತದೆ. ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಈ ನೀರು ಬದಲಾಗುತ್ತದೆ.

ಬಾವಿಯಿಂದ ಕೊಡ ಸೇದಿದ್ದೀರಲ್ವಾ? ತುಂಬಿದ ಕೊಡ ನೀರಿನೊಳಗೆ ಇರುವತನಕ ಹಗುರ. ನೀರು ಬಿಟ್ಟು ಮೇಲೆ ಬಂತೆಂದರೆ ತೋಳು ಜಗ್ಗುತ್ತದೆ. ಮೆದುಳಿನದೂ ಹಾಗೆಯೇ. 1,400 ಗ್ರಾಂ ಆಸುಪಾಸಿನ ಮೆದುಳು ಆ ನೀರಿನಲ್ಲಿ ತೇಲುವಾಗ 50 ಗ್ರಾಂನಷ್ಟೇ ತೂಗುತ್ತದೆ. ಸೊಂಟದ ಹತ್ತಿರ ಪೊರೆ ಸೋರಿದರೆ, ನಿಂತಾಗ ನೀರು ಕೆಳಗೆ ಇಳಿಯುತ್ತದೆ. ಮೆದುಳಿಗೆ ಆಸರೆ ಕಡಿಮೆಯಾಗಿ ಅದು ಸ್ವಲ್ಪ ಕೆಳಗೆ ಜಗ್ಗುತ್ತದೆ. ಸುತ್ತಲಿನ ಪೊರೆ ಮತ್ತು ರಕ್ತನಾಳ ಎಳೆದಂತಾಗಿ ನೋವು ಬರುತ್ತದೆ. ಮಲಗಿದರೆ ನೀರು ಸಮವಾಗುತ್ತದೆ, ನೋವು ಇಳಿಯುತ್ತದೆ.

ಇದು ಹೊಸ ರೋಗವಲ್ಲ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎಂಬ ಸರ್ಜನ್ ಬೆನ್ನಿಗೆ ಅರಿವಳಿಕೆ ಕೊಡುವ ವಿಧಾನವನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡ. ಸೂಜಿಗೆ ಸಿರಿಂಜ್ ಸರಿಯಾಗಿ ಕೂರದೆ ಬೆನ್ನಿನ ನೀರು ಬಹಳ ಸೋರಿತು. ಆಮೇಲೆ ಒಂಬತ್ತು ದಿನ ಆತ ಹಾಸಿಗೆ ಹಿಡಿದ. ಎದ್ದರೆ ತಲೆನೋವು, ಮಲಗಿದರೆ ಇಲ್ಲ ಎಂದು ಬರೆದಿಟ್ಟ. ನಿಮ್ಮ ಯಜಮಾನರು ಹೇಳುತ್ತಿರುವುದೂ ಅದನ್ನೇ. ಅವರು ಸೋಮಾರಿಯಲ್ಲ ಎಂದು ಆ ಬೀಗರಿಗೆ ಹೇಳಿ.

ಮೆಣಸಿನಕಾಯಿ ಹೊಲ
ಮಂಗಳವಾರ, ಮಧ್ಯಾಹ್ನ 1:50

ಅಕ್ಕಾ, ನಿಮ್ಮ ಬರಹ ಓದಿ ಊಟ ಸೇರಲಿಲ್ಲ. ನನ್ನದೇ ಕಥೆ. ನಮ್ಮದು ಬ್ಯಾಡಗಿ ತಾಲೂಕು. ನನಗೆ ಒಂದೇ ಜಾಗದಲ್ಲಿ ಎರಡು ಸಲ ಡಿಸ್ಕ್ ಆಪರೇಷನ್ ಆಗಿದೆ. ಎರಡನೇ ಸಲ ಮಾಡುವಾಗ ಹಳೆಯ ಗಾಯದ ಕಲೆ ಪೊರೆಗೆ ಅಂಟಿಕೊಂಡಿತ್ತಂತೆ. ಬಿಡಿಸುವಾಗ ಹರಿಯಿತು. ಎರಡನೇ ಆಪರೇಷನ್‌ನಲ್ಲಿ ಈ ಅಪಾಯ ಜಾಸ್ತಿ ಎಂದು ಡಾಕ್ಟರ್ ಮೊದಲೇ ಹೇಳಿದ್ದರು, ಆದಮೇಲೂ ಮುಚ್ಚಿಡಲಿಲ್ಲ. ಹಾಗಾಗಿ ನನಗೆ ಸಿಟ್ಟು ಬರಲಿಲ್ಲ. ನಿಮಗೆ ಹೇಳದೇ ಬಿಟ್ಟದ್ದು ತಪ್ಪು.

ನನಗೆ ಉಬ್ಬಲಿಲ್ಲ, ಹೊರಗೇ ಸೋರಿತು. ಆರನೇ ದಿನ ಅಂಗಿ ಬೆನ್ನಿನ ಕಡೆ ಒದ್ದೆ. ಬೆವರು ಅಂದುಕೊಂಡೆವು. ನೀರಿನಷ್ಟೇ ತಿಳಿ, ವಾಸನೆ ಇಲ್ಲ, ಕೀವಿಲ್ಲ. ಅದರ ಸ್ಯಾಂಪಲ್ ತೆಗೆದು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪರೀಕ್ಷೆಗೆ ಕಳಿಸಿದರು. ಬೆನ್ನಿನ ನೀರೇ ಹೌದೋ ಅಲ್ಲವೋ ಅದರಿಂದ ತಿಳಿಯುತ್ತದಂತೆ. ಹೌದು ಎಂದು ಬಂತು.

ತಲೆನೋವು ಹೇಗಿತ್ತೆಂದರೆ, ಹಿಂದಲೆಯಿಂದ ಕುತ್ತಿಗೆಗೆ ಯಾರೋ ಕಬ್ಬಿಣದ ಕೊಕ್ಕೆ ಹಾಕಿ ಜಗ್ಗಿದ ಹಾಗೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ನೀರಿನಲ್ಲಿ ಮುಳುಗಿದಾಗ ಕೇಳಿದ ಹಾಗೆ ಹೆಂಡತಿ ಮಾತು ದೂರದಿಂದ ಕೇಳುತ್ತಿತ್ತು. ವಾಂತಿ ಬಂದ ಹಾಗೆ ಆಗುತ್ತಿತ್ತು. ಬೆಳಕು ನೋಡಲು ಆಗುತ್ತಿರಲಿಲ್ಲ.

ಮೊದಲು ಸೊಂಟದಲ್ಲಿ ಸಣ್ಣ ನಳಿಕೆ ಹಾಕಿ ಐದು ದಿನ ನೀರನ್ನು ಹನಿಹನಿಯಾಗಿ ಹೊರಗೆ ಬಿಟ್ಟರು. ಸೋರುತ್ತಿದೆ ಅಂದಮೇಲೆ ಇನ್ನೂ ಯಾಕೆ ತೆಗೆಯುತ್ತೀರಿ ಎಂದು ಜಗಳ ಮಾಡಿದ್ದೆ. ಕಾಲುವೆ ಒಡೆದರೆ ಮಣ್ಣು ಹಾಕುವ ಮೊದಲು ನೀರು ಬೇರೆ ಕಡೆ ತಿರುಗಿಸುತ್ತೇವಲ್ಲ, ಹಾಗೆ ಎಂದರು. ಅದು ರೈತನಿಗೆ ತಿಳಿಯುವ ಮಾತು. ಹರಿದ ಜಾಗದ ಮೇಲಿನ ಒತ್ತಡ ಇಳಿದರೆ ಅದು ಮಾಯಲು ಅವಕಾಶ. ನನಗೆ ಅಷ್ಟರಿಂದ ಆಗಲಿಲ್ಲ. ಮತ್ತೆ ತೆರೆದು ಹೊಲಿಗೆ ಹಾಕಿ, ಮೇಲೆ ನನ್ನದೇ ಕೊಬ್ಬಿನ ತುಂಡು ಇಟ್ಟು, ಫೈಬ್ರಿನ್ ಗ್ಲೂ ಎಂಬ ಅಂಟು ಹಾಕಿದರು. ಆಗ ನಿಂತಿತು.

ಈಗ ಎರಡು ವರ್ಷ ಆಯಿತು. ಹೊಲಕ್ಕೆ ಹೋಗುತ್ತೇನೆ. ಚೀಲ ಎತ್ತುವುದಿಲ್ಲ. ಬೇಕಾದರೆ ಅಣ್ಣನ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ. ಅನುಭವಿಸಿದವನ ಜೊತೆ ಮಾತಾಡಿದರೆ ಎದೆ ಹಗುರ ಆಗುತ್ತದೆ.

ರಾಣೇಬೆನ್ನೂರು ಅಕ್ಕ
ಮಂಗಳವಾರ, ಸಂಜೆ 4:15

ನನಗೆ ಸಿಸೇರಿಯನ್ ಆದ ಮೇಲೆ ಹೀಗೇ ಆಗಿತ್ತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ. ಕೂಸಿಗೆ ಕೂತು ಹಾಲು ಕುಡಿಸಲು ಆಗುತ್ತಿರಲಿಲ್ಲ. ಅತ್ತೆ ಥಂಡಿ ಎಂದು ತಲೆಗೆ ಬಟ್ಟೆ ಬಿಗಿದು ಕಿಟಕಿ ಮುಚ್ಚಿದ್ದರು. ಕಾಫಿ ಕುಡಿಯಿರಿ, ಮಲಗಿ ಎಂದರು ಡಾಕ್ಟರ್. ಎಂಟು ದಿನಕ್ಕೆ ತಾನೇ ಹೋಯಿತು. ನಿಮ್ಮವರದೂ ಹೋಗುತ್ತದೆ, ಕಾಯಿರಿ.

ಸಿಸ್ಟರ್, ಧಾರವಾಡ
ಮಂಗಳವಾರ, ಸಂಜೆ 6:40

ರಾಣೇಬೆನ್ನೂರು ಅಕ್ಕಾ, ನಿಮ್ಮದು ಕೂದಲೆಳೆಯಂಥ ಸೂಜಿ ಮಾಡಿದ ತೂತು. ಅದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮುಚ್ಚುತ್ತದೆ. ಆಪರೇಷನ್‌ನಲ್ಲಿ ಆದ ಹರುಕು ಬೇರೆ. ಏಳು ವಾರ ಆಗಿದೆ, ಜೊತೆಗೆ ಉಬ್ಬಿದೆ. ಇಲ್ಲಿ ಸುಮ್ನೆ ಕಾಯುವುದು ಸರಿಯಲ್ಲ.

ತಂಗೀ, ಆ ಲಿಂಬೆಹಣ್ಣಿನಂಥ ಉಬ್ಬು ಸೋರಿದ ನೀರು ಚರ್ಮದ ಕೆಳಗೆ ಕೂಡಿದ್ದು ಇರಬಹುದು. ಅದನ್ನು ಒತ್ತಬೇಡಿ. ಊರಲ್ಲಿ ಯಾರಾದರೂ ಸೂಜಿ ಹಾಕಿ ನೀರು ತೆಗೆಯುತ್ತೇನೆ ಎಂದರೆ ಒಪ್ಪಲೇಬೇಡಿ. ಅದರಿಂದ ಸೋಂಕು ಒಳಗೆ ಹೋದರೆ ಮೆದುಳಿನ ಪೊರೆಯ ತನಕ ಮುಟ್ಟುತ್ತದೆ.

ಇವುಗಳಲ್ಲಿ ಏನಾದರೂ ಕಂಡರೆ ಬೆಳಗಿನತನಕ ಕಾಯದೆ 108ಕ್ಕೆ ಫೋನ್ ಮಾಡಿ. ಜ್ವರ ಬಂದು ಕುತ್ತಿಗೆ ಸೆಟೆದರೆ. ಮಾತು ತೊದಲಿದರೆ, ಗೊಂದಲ ಮಾಡಿದರೆ, ವಿಪರೀತ ನಿದ್ದೆಗೆ ಜಾರಿದರೆ. ಫಿಟ್ಸ್ ಬಂದರೆ. ಗಾಯದಿಂದ ನೀರು ಸೋರಿದರೆ. ಕಾಲು ಸೋತರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ. ಇನ್ನೊಂದನ್ನು ಬಹಳ ಜನ ಬಿಡುತ್ತಾರೆ. ಇಷ್ಟು ದಿನ ಮಲಗಿದರೆ ಹೋಗುತ್ತಿದ್ದ ನೋವು ಇದ್ದಕ್ಕಿದ್ದಂತೆ ಮಲಗಿದರೂ ಹೋಗದಿದ್ದರೆ ಅದೂ ತುರ್ತೇ. ಮೆದುಳು ಕೆಳಗೆ ಜಗ್ಗಿ ಮೇಲಿನ ರಕ್ತನಾಳ ಹರಿದು ಒಳಗೆ ರಕ್ತ ಕೂಡುವುದುಂಟು.

ಅದ್ಯಾವುದೂ ಇಲ್ಲದಿದ್ದರೂ ಈ ವಾರವೇ ಹೋಗಿ. ಮೊದಲು ಆಪರೇಷನ್ ಮಾಡಿದ ಸರ್ಜನ್ ಹತ್ತಿರವೇ ಹೋಗಿ. ಎಲ್ಲಿ ಹರಿಯಿತು, ಹೇಗೆ ಹೊಲಿದರು ಎಂದು ಅವರಿಗೇ ಗೊತ್ತು. ಅಲ್ಲಿ ಕಿವಿಗೊಡದಿದ್ದರೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿತನಕ ಸೌಲಭ್ಯ ಇದೆ. ತುರ್ತು ಅಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ನಿಮಗೆ ಗದಗದ ಜಿಮ್ಸ್ ಹತ್ತಿರ, ಅಲ್ಲೇ ವಿಚಾರಿಸಿ.

ಹೋಗುವ ಮೊದಲು ಎರಡು ದಿನ ಒಂದು ನೋಟ್‌ಬುಕ್‌ನಲ್ಲಿ ಗಡಿಯಾರ ನೋಡಿ ಬರೆಯಿರಿ. ಎಷ್ಟಕ್ಕೆ ಎದ್ದರು, ಎಷ್ಟಕ್ಕೆ ನೋವು ಬಂತು, ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಹೋಯಿತು. ಅಷ್ಟೇ ಸಾಕು. ಒಪಿಡಿಯಲ್ಲಿ ಐದು ನಿಮಿಷ ಸಿಗುತ್ತದೆ. ಆ ಐದು ನಿಮಿಷದಲ್ಲಿ ನಿಮ್ಮ ಪರವಾಗಿ ಆ ಪುಸ್ತಕವೇ ಮಾತಾಡುತ್ತದೆ.

ನವಲೂರು ಪೇರಲ
ಮಂಗಳವಾರ, ರಾತ್ರಿ 8:30

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನನಗೂ ಬೆನ್ನಿನ ಆಪರೇಷನ್ ಆಗಿ ನಾಲ್ಕು ತಿಂಗಳು ತಲೆನೋವು ಇತ್ತು. ನೀರು ಸೋರುತ್ತಿದೆ ಎಂದು ನಾನೇ ನಂಬಿಬಿಟ್ಟಿದ್ದೆ. ಎಂಆರ್‌ಐ ಮಾಡಿಸಿದರೆ ಏನೂ ಇಲ್ಲ. ನರರೋಗ ತಜ್ಞರು ಒಂದೇ ಪ್ರಶ್ನೆ ಕೇಳಿದರು: ವಾರಕ್ಕೆ ಎಷ್ಟು ದಿನ ನೋವಿನ ಮಾತ್ರೆ ನುಂಗುತ್ತೀರಿ? ದಿನಾ ಎಂದೆ. ಮಾತ್ರೆಯೇ ತಲೆನೋವು ತರುತ್ತಿದೆ ಎಂದರು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೆ ತೆಗೆದುಕೊಂಡರೆ ಹೀಗಾಗುತ್ತದಂತೆ. ಬಿಟ್ಟ ಮೊದಲ ಹತ್ತು ದಿನ ನರಕ. ಆಮೇಲೆ ಕಡಿಮೆಯಾಯಿತು.

ನನ್ನ ನೋವು ನಿಂತರೂ ಅಷ್ಟೇ, ಮಲಗಿದರೂ ಅಷ್ಟೇ ಇತ್ತು. ಅಣ್ಣನವರದು ಹಾಗಿಲ್ಲ. ಆದರೂ ಎಷ್ಟು ಮಾತ್ರೆ ನುಂಗುತ್ತಿದ್ದಾರೆ ಎಂದು ಬರೆದುಕೊಂಡು ಹೋಗಿ.

ಸಿಸ್ಟರ್, ಧಾರವಾಡ
ಮಂಗಳವಾರ, ರಾತ್ರಿ 8:55

ಪೇರಲ ತಂಗಿ ಹೇಳಿದ್ದು ಬಹಳ ಮುಖ್ಯ. ಬೆನ್ನಿನ ಆಪರೇಷನ್ ಆದವರ ತಲೆನೋವೆಲ್ಲ ಸೋರಿಕೆಯಲ್ಲ. ಕುತ್ತಿಗೆಯ ಸ್ನಾಯು, ಮೈಗ್ರೇನ್, ಬಿಪಿ, ನಿದ್ದೆಗೇಡು, ಮಾತ್ರೆ, ಎಲ್ಲವೂ ಇರಬಹುದು.

ಇದರ ಇನ್ನೊಂದು ಮಗ್ಗಲೂ ಇದೆ. ಸೋರಿಕೆ ಇದ್ದೂ ಕೆಲವರ ಎಂಆರ್‌ಐ ಸರಿಯಾಗಿ ಬರುತ್ತದೆ. ಸ್ಕ್ಯಾನ್ ಸರಿ ಇದೆ ಎಂದಾಕ್ಷಣ ರೋಗಿ ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಹಾಗೆ ಮನೆಗೆ ವಾಪಸ್ ಹೋದವರನ್ನು ನೋಡಿದ್ದೇನೆ.

ಉಣಕಲ್ ಕೆರೆ
ಮಂಗಳವಾರ, ರಾತ್ರಿ 9:20

ಸಿಸ್ಟರ್, ಎಣ್ಣೆ ತಿಕ್ಕಿಸಲು ಹೇಳಿದ್ದು ನನ್ನ ತಪ್ಪು. ಅಕ್ಕಾ, ದಯವಿಟ್ಟು ಅದನ್ನು ಮಾಡಬೇಡಿ. ಒಂದು ಪ್ರಶ್ನೆ. ನೀರು ಜಾಸ್ತಿ ಕುಡಿದರೆ ಆ ನೀರು ತುಂಬಿಕೊಳ್ಳುವುದಿಲ್ಲವೇ?

ಸಿಸ್ಟರ್, ಧಾರವಾಡ
ಮಂಗಳವಾರ, ರಾತ್ರಿ 9:35

ಮೈ ಒಣಗಿದರೆ ನೋವು ಜಾಸ್ತಿ, ಹಾಗಾಗಿ ಬಾಯಾರದಷ್ಟು ಕುಡಿಯಲಿ. ಆದರೆ ಕೊಡಗಟ್ಟಲೆ ಕುಡಿದರೆ ತೂತು ಮುಚ್ಚುವುದಿಲ್ಲ. ಚಾ, ಕಾಫಿ ಕೆಲವರಿಗೆ ಸ್ವಲ್ಪ ಹೊತ್ತು ಆರಾಮ ಕೊಡುತ್ತದೆ, ಅಷ್ಟೇ. ತಿಣುಕುವುದು, ಬಗ್ಗುವುದು, ಭಾರ ಎತ್ತುವುದು ಬೇಡ. ಮಲಬದ್ಧತೆ ಇದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧಿ ಬೇಕು.

ಬೆಟಗೇರಿ ಮಗ್ಗದ ಮನೆ
ಶುಕ್ರವಾರ, ರಾತ್ರಿ 10:10

ಹುಬ್ಬಳ್ಳಿಗೆ ಹೋಗಿ ಬಂದೆವು. ಬಸ್ಸಿನಲ್ಲಿ ಸುಮಾರು 60 ಕಿ.ಮೀ. ಕೂತು ಹೋಗುವುದು ಆಗದ ಮಾತು. ನನ್ನ ತಮ್ಮ ಪರಿಚಯದವರ ಗಾಡಿ ತಂದ, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು. ಅವರ ತಲೆ ನನ್ನ ತೊಡೆ ಮೇಲೆ. ದಾರಿಯುದ್ದಕ್ಕೂ ನೋವು ಇಲ್ಲ ಎಂದರು.

ನೋಟ್‌ಬುಕ್‌ನಲ್ಲಿ ಹೀಗೆ ಬರೆದಿದ್ದೆ. ಬೆಳಿಗ್ಗೆ 6:10ಕ್ಕೆ ಎದ್ದರು, 6:18ಕ್ಕೆ ನೋವು, 6:30ಕ್ಕೆ ಮಲಗಿದರು, 6:42ಕ್ಕೆ ಇಳಿಯಿತು. ಎರಡು ದಿನದಲ್ಲಿ ಹದಿನಾಲ್ಕು ಸಲ, ಹೆಚ್ಚುಕಡಿಮೆ ಹೀಗೇ.

ಸರ್ಜನ್ ಹತ್ತಿರ ಜಗಳ ಮಾಡಬೇಕೆಂದೇ ಹೋಗಿದ್ದೆ. ಅವರು ಪುಸ್ತಕ ಪೂರ್ತಿ ಓದಿದರು. ಬೆನ್ನು ನೋಡಿದರು. ಆಮೇಲೆ ಕುರ್ಚಿ ಎಳೆದು ನಮ್ಮ ಎದುರು ಕೂತು, "ಹರಿದಿದ್ದು ಆಪರೇಷನ್ ದಿನವೇ ನಾನು ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ" ಎಂದರು. ನನ್ನ ಬಾಯಿಯಿಂದ ಮಾತು ಬರಲಿಲ್ಲ. ಸಿಟ್ಟು ಇನ್ನೂ ಇದೆ. ಆದರೆ ಆ ಮಾತು ಕೇಳಿದ ಮೇಲೆ ಅವರ ಕೈಗೆ ಮತ್ತೆ ಒಪ್ಪಿಸುವ ಧೈರ್ಯ ಬಂತು.

ಮೆದುಳು ಮತ್ತು ಬೆನ್ನು ಎರಡರದ್ದೂ ಎಂಆರ್‌ಐ ಆಯಿತು, ಮೆದುಳಿನದು ಬಣ್ಣದ ಇಂಜೆಕ್ಷನ್ ಕೊಟ್ಟು. ಮೆದುಳಿನ ಸುತ್ತಲ ಪೊರೆ ದಪ್ಪಗೆ ಬೆಳ್ಳಗೆ ಕಾಣುತ್ತಿತ್ತು. ನೀರು ಕಡಿಮೆಯಾದಾಗ ಹಾಗಾಗುತ್ತದಂತೆ. ಬೆನ್ನಿನಲ್ಲಿ ನೀರಿನ ಚೀಲ ಇದೆ. ರಕ್ತ ಕೂಡಿಲ್ಲ, ಸೋಂಕಿಲ್ಲ.

ಬ್ಲಡ್ ಪ್ಯಾಚ್ ಎಂಬ ಚಿಕಿತ್ಸೆಯ ಬಗ್ಗೆಯೂ ಹೇಳಿದರು. ಇವರಿಗೆ ಚೀಲ ದೊಡ್ಡದು, ಹರುಕು ಎಲ್ಲಿದೆ ಎಂದು ಗೊತ್ತಿದೆ, ಹಾಗಾಗಿ ನೇರವಾಗಿ ಹೊಲಿಯುವುದು ಒಳ್ಳೆಯದು ಎಂದರು. ಮಂಗಳವಾರ ಅಡ್ಮಿಟ್. ಬ್ಲಡ್ ಪ್ಯಾಚ್ ಅಂದರೆ ಏನು ಸರ್?

ನಿವೃತ್ತ ವಿಜ್ಞಾನ ಶಿಕ್ಷಕ, ಹಾವೇರಿ
ಶನಿವಾರ, ಬೆಳಿಗ್ಗೆ 6:10

ರೋಗಿಯ ತೋಳಿನಿಂದಲೇ ಸ್ವಲ್ಪ ರಕ್ತ, ಸಾಮಾನ್ಯವಾಗಿ 15ರಿಂದ 20 ಮಿ.ಲೀ., ತೆಗೆದು ಬೆನ್ನಿನ ಪೊರೆಯ ಹೊರಭಾಗಕ್ಕೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿ ತೂತಿಗೆ ತೇಪೆ ಹಾಕಿದಂತಾಗುತ್ತದೆ. 1960ರಲ್ಲಿ ಅಮೆರಿಕದ ಜೇಮ್ಸ್ ಗೋರ್ಮ್ಲಿ ಎಂಬ ಸರ್ಜನ್ ಇದನ್ನು ಮೊದಲು ವರದಿ ಮಾಡಿದರು. ಬೆನ್ನಿಗೆ ಸೂಜಿ ಹಾಕುವಾಗ ಸ್ವಲ್ಪ ರಕ್ತ ಬಂದವರಿಗೆ ತಲೆನೋವು ಕಡಿಮೆ ಎಂಬುದನ್ನು ಅವರು ಗಮನಿಸಿದ್ದರು. ನೋಡಿ, ಅಲ್ಲಿಯೂ ಕೆಲಸ ಮಾಡಿದ್ದು ಒಬ್ಬರು ಗಮನವಿಟ್ಟು ನೋಡಿದ್ದು. ನಿಮ್ಮ ನೋಟ್‌ಬುಕ್ ಬಗ್ಗೆ ಓದಿದಾಗ ಬಹಳ ಸಂತೋಷವಾಯಿತಮ್ಮಾ.

ಮೆಣಸಿನಕಾಯಿ ಹೊಲ
ಶನಿವಾರ, ಬೆಳಿಗ್ಗೆ 9:00

ಅಕ್ಕಾ, ಆಪರೇಷನ್ ಆದ ಮೇಲೆ ಎರಡು ಮೂರು ದಿನ ಸಪಾಟಾಗಿ ಮಲಗಿಸಬಹುದು. ಮಲಗಿಯೇ ಕುಡಿಯಲು ಬಗ್ಗುವ ಸ್ಟ್ರಾ ಒಯ್ಯಿರಿ. ಅಣ್ಣನಿಗೆ ಬೀಡಿ ಸಿಗರೇಟು ರೂಢಿ ಇದ್ದರೆ ಈಗಲೇ ಬಿಡಿಸಿ, ಕೆಮ್ಮು ಬಂದರೆ ಹೊಲಿಗೆ ಮೇಲೆ ಒತ್ತಡ. ನಾನು ಬುಧವಾರ ಹುಬ್ಬಳ್ಳಿಗೆ ಬರುತ್ತೇನೆ. ನಿಮಗೆ ರೊಟ್ಟಿ ಕಟ್ಟಿಸಿಕೊಂಡು ಬರುತ್ತೇನೆ.

ಬೆಟಗೇರಿ ಮಗ್ಗದ ಮನೆ
ಎರಡು ವಾರದ ನಂತರ, ಗುರುವಾರ, ರಾತ್ರಿ 9:15

ಆಪರೇಷನ್ ಚೆನ್ನಾಗಿ ಆಯಿತು. ಹಳೆಯ ಹೊಲಿಗೆಯ ಪಕ್ಕದಲ್ಲೇ ಸೋರುತ್ತಿತ್ತಂತೆ. ಬ್ಯಾಡಗಿ ಅಣ್ಣ ಹೇಳಿದ ಹಾಗೆ ಹೊಲಿಗೆ, ಕೊಬ್ಬು, ಅಂಟು. ಅವರು ನಿಜವಾಗಿಯೂ ಬಂದಿದ್ದರು, ಇವರ ಕೈ ಹಿಡಿದು ಒಂದು ತಾಸು ಕೂತಿದ್ದರು.

ನಾಲ್ಕನೇ ದಿನ ಎಬ್ಬಿಸಿದರು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ನೋವಿಲ್ಲ.

ಆದರೆ ಮನೆಗೆ ಬಂದ ಮೇಲೆ ಬೇರೆ ಥರ ತಲೆನೋವು ಶುರುವಾಯಿತು. ಇದು ತಿರುವುಮುರುವು. ಮಲಗಿದರೆ ಜಾಸ್ತಿ, ಹಣೆಯ ಕಡೆ, ಕೂತರೆ ಆರಾಮ. ಸಿಸ್ಟರ್ ಅಕ್ಕ ಹೇಳಿದ್ದು ನೆನಪಾಗಿ ಜೀವ ಬಾಯಿಗೆ ಬಂತು. ತಕ್ಷಣ ಫೋನ್ ಮಾಡಿ ಹೋದೆವು. ಮತ್ತೆ ಸ್ಕ್ಯಾನ್ ಮಾಡಿ, ರಕ್ತ ಕೂಡಿಲ್ಲ ಎಂದರು. ಸೋರುವುದು ನಿಂತ ಮೇಲೆ ಕೆಲವರಿಗೆ ಒಳಗಿನ ಒತ್ತಡ ಸ್ವಲ್ಪ ದಿನ ಜಾಸ್ತಿಯಾಗುತ್ತದಂತೆ. ಅಸೆಟಜೋಲಮೈಡ್ ಎಂಬ ಮಾತ್ರೆ ಕೊಟ್ಟರು, ದಿಂಬು ಎತ್ತರ ಇಟ್ಟು ಮಲಗಿ ಎಂದರು. ಬೆರಳಿನಲ್ಲಿ ಜುಮುಜುಮು ಬರುತ್ತದೆ, ಅದು ಮಾತ್ರೆಯಿಂದ ಎಂದು ಮೊದಲೇ ಹೇಳಿ ಕಳಿಸಿದರು. ಈ ಸಲ ಎಲ್ಲಾ ಹೇಳಿದರು. ಒಂದು ವಾರಕ್ಕೆ ಬಹಳ ಕಡಿಮೆಯಾಗಿದೆ.

ರಾಣೇಬೆನ್ನೂರು ಅಕ್ಕ
ಗುರುವಾರ, ರಾತ್ರಿ 9:50

ಕಾಯಿರಿ ಎಂದಿದ್ದೆ ನಾನು. ನೀವು ನನ್ನ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು ತಂಗೀ. ಮಗ್ಗಕ್ಕೆ ಯಾವಾಗ ಕೂರುತ್ತಾರೆ?

ಬೆಟಗೇರಿ ಮಗ್ಗದ ಮನೆ
ಗುರುವಾರ, ರಾತ್ರಿ 10:20

ಮೂರು ತಿಂಗಳು ಮಗ್ಗ ಬೇಡ ಎಂದಿದ್ದಾರೆ ಅಕ್ಕಾ. ಅರ್ಧಕ್ಕೆ ನಿಂತ ಸೀರೆಯನ್ನು ಈಗ ನನ್ನ ಮೈದುನ ನೇಯುತ್ತಿದ್ದಾನೆ. ಸೆರಗಿನ ಹತ್ತಿರ ಎಳೆ ತಪ್ಪಿಸುತ್ತಾನೆ. ಇವರು ಪಕ್ಕದಲ್ಲಿ ನಿಂತು ತೋರಿಸುತ್ತಾರೆ. ಇವತ್ತು ಸಂಜೆ ಮುಕ್ಕಾಲು ತಾಸು ನಿಂತಿದ್ದರು. ಆಮೇಲೆ ಬಂದು ಊಟಕ್ಕೆ ಕೂತು ಮೂರು ರೊಟ್ಟಿ ತಿಂದರು.